ಐದನೇ ತಿಂಗಳಲ್ಲಿ ಗರ್ಭ ಹೋದರೆ ಕಾರಣ ಹುಡುಕುವ ಬಗೆ

ಮೂರು ತಿಂಗಳೊಳಗೆ ಹೋಗುವ ಗರ್ಭಗಳಲ್ಲಿ ದೊಡ್ಡ ಪಾಲಿಗೆ ಮಗುವಿನ ವರ್ಣತಂತುಗಳ ಏರುಪೇರೇ ಕಾರಣ. 14ರಿಂದ 27 ವಾರದ ನಡುವೆ ಹೋದರೆ ಲೆಕ್ಕ ಬೇರೆ. ಗರ್ಭಕೋಶದ ಬಾಯಿ ಸಡಿಲವಾಗಿತ್ತೇ, ಸೋಂಕು ಮೇಲೇರಿತ್ತೇ, ಮಾಸಿಗೆ (ಪ್ಲಾಸೆಂಟಾಗೆ) ರಕ್ತ ಸರಿಯಾಗಿ ಹೋಗುತ್ತಿರಲಿಲ್ಲವೇ, ಮಗುವಿನಲ್ಲೇ ದೋಷವಿತ್ತೇ ಎಂದು ಹಲವು ದಾರಿ ನೋಡಬೇಕು. ಒಂದೊಂದಕ್ಕೂ ಮುಂದಿನ ಬಸಿರಿನಲ್ಲಿ ಮಾಡುವ ಉಪಾಯ ಬೇರೆ.

ಟೆಸ್ಟಿಗೆ ಓಡುವ ಮೊದಲು ನಡೆದದ್ದನ್ನು ಕ್ರಮವಾಗಿ ಬರೆದಿಡಿ. ನೋವು ಮೊದಲೋ, ನೀರು ಹೋದದ್ದು ಮೊದಲೋ, ರಕ್ತ ಕಂಡದ್ದು ಮೊದಲೋ? ಎರಡು ವಾರ ಕಳೆದರೆ ಮನೆಯವರ ನೆನಪಿನಲ್ಲಿ ಇದೆಲ್ಲ ಕಲಸಿಹೋಗುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬಹುಪಾಲು 'ಗರ್ಭಪಾತ' ಎಂಬಷ್ಟೇ ಇರುತ್ತದೆ. ಕೆಳಹೊಟ್ಟೆ ಭಾರ, ಬಿಳಿಸೆರಗು ಜಾಸ್ತಿ, ನೋವು ಅಷ್ಟಾಗಿ ಇಲ್ಲ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಾಯಿ ತೆರೆದು ನೀರಿನ ಚೀಲ ಇಳಿದಿತ್ತು, ಮಗುವಿನ ಎದೆಬಡಿತ ಇತ್ತು ಅಂದರೆ ಗರ್ಭಕೋಶದ ಬಾಯಿಯ ಕಡೆ ನೋಡಬೇಕು. ನೀರು ಮೊದಲು ಹೋಗಿ, ಆಮೇಲೆ ಚಳಿಜ್ವರ, ವಾಸನೆ ಬಂದಿದ್ದರೆ ಸೋಂಕಿನ ಕಡೆ. ಹೊಟ್ಟೆ ಗಟ್ಟಿಯಾಗಿ ರಕ್ತ ಹೋಗಿದ್ದರೆ ಮಾಸು ಬಿಟ್ಟುಕೊಂಡಿತ್ತೇ ಎಂದು. ಯಾವ ಲಕ್ಷಣವೂ ಇಲ್ಲದೆ ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ನಿಂತದ್ದು ಗೊತ್ತಾಗಿದ್ದರೆ ಮಗು, ಮಾಸು, ತಾಯಿಯ ರಕ್ತ ಈ ಮೂರರಲ್ಲಿ ಹುಡುಕಬೇಕು.

ಇಲ್ಲೊಂದು ಲೆಕ್ಕ ಬಹಳ ಮಂದಿ ತಪ್ಪುತ್ತಾರೆ. 19ನೇ ವಾರದಲ್ಲಿ ಎದೆಬಡಿತ ಇಲ್ಲವೆಂದು ಗೊತ್ತಾಯಿತು, ಆದರೆ ಅಳತೆ 15 ವಾರದ್ದು ಎಂದುಕೊಳ್ಳಿ. ಮೊದಲ ಮೂರು ತಿಂಗಳ ಸ್ಕ್ಯಾನ್ ಪ್ರಕಾರ ವಾರಗಳು ಸರಿಯಾಗಿದ್ದರೆ ಮಗು ಹೋಗಿ ಸುಮಾರು ನಾಲ್ಕು ವಾರವಾಗಿರಬೇಕು, ಇಲ್ಲವೇ ಮೊದಲಿಂದಲೇ ಬೆಳವಣಿಗೆ ಕುಂಠಿತವಾಗಿರಬೇಕು. ನಾಲ್ಕು ವಾರದ ಹಿಂದೆಯೇ ಹೋಗಿದ್ದರೆ ಹೋದ ವಾರ ಬಂದ ಜ್ವರಕ್ಕೋ ಬೈಕ್ ಪ್ರಯಾಣಕ್ಕೋ ಅದರಲ್ಲಿ ಪಾತ್ರವಿಲ್ಲ. ಅದಕ್ಕೇ ತಾಯಿ ಕಾರ್ಡ್ ಮತ್ತು ಎಲ್ಲ ಸ್ಕ್ಯಾನ್ ವರದಿಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲಿಗೆ ಹಾಕಿ. (ಪಪಾಯಿ ತಿಂದದ್ದು, ಬಿಂದಿಗೆ ಎತ್ತಿದ್ದು, ಗ್ರಹಣದ ದಿನ ಹೊರಗೆ ಬಂದದ್ದು ಆ ಫೈಲಿಗೆ ಬೇಡ. ಯಾರು ಎಷ್ಟೇ ಹೇಳಲಿ.)

ಮೊದಲ ದಿನ ಕೈತಪ್ಪಿದರೆ ಮತ್ತೆ ಸಿಗದ ವಸ್ತು ಮಾಸು. ಹೆರಿಗೆ ಕೋಣೆಗೆ ಹೋಗುವ ಮುಂಚೆಯೇ 'ಮಾಸನ್ನು ಎಸೆಯಬೇಡಿ, ಹಿಸ್ಟೊಪೆಥಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ) ಕಳಿಸಿ' ಎಂದು ಹೇಳಿ. ವರ್ಣತಂತು ಪರೀಕ್ಷೆಯೂ ಬೇಕಿದ್ದರೆ ಮಾಸಿನ ತುಂಡನ್ನು, ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕುವ ಮೊದಲೇ ತೆಗೆದು ಶುದ್ಧ ಸಲೈನ್‌ನಲ್ಲೋ ಲ್ಯಾಬ್ ಕೊಟ್ಟ ದ್ರಾವಣದಲ್ಲೋ ಇಡಬೇಕು. ಫ್ರಿಜ್‌ನಲ್ಲಿಡಬಹುದು, ಫ್ರೀಜರ್‌ನಲ್ಲಿ ಕೂಡದು. ಫಾರ್ಮಲಿನ್‌ಗೆ ಬಿದ್ದ ಜೀವಕೋಶ ಸಾಯುತ್ತದೆ, ಆಮೇಲೆ ಕ್ಯಾರಿಯೊಟೈಪ್ (ಕೋಶ ಬೆಳೆಸಿ ವರ್ಣತಂತು ನೋಡುವ ಪರೀಕ್ಷೆ) ಆಗುವುದೇ ಇಲ್ಲ. ಇಡೀ ಮಾಸನ್ನು ಒಂದೇ ಡಬ್ಬಿಗೆ ಹಾಕಿ ಕಳಿಸುವುದು ಎಲ್ಲೆಡೆ ನಡೆಯುವ ಎಡವಟ್ಟು. ಮಗು ಹೊಟ್ಟೆಯೊಳಗೇ ಹೋಗಿ ದಿನಗಳಾಗಿದ್ದರೆ ಕ್ಯಾರಿಯೊಟೈಪ್‌ಗೆ ಕೋಶಗಳು ಬೆಳೆಯದೆ ವಿಫಲವಾಗುವುದುಂಟು. ಅಂಥಲ್ಲಿ ಮೈಕ್ರೊಅರೇ (ವರ್ಣತಂತುವಿನ ತುಂಡು ಹೆಚ್ಚು ಕಡಿಮೆಯಾಗಿದೆಯೇ ಎಂದು ನೋಡುವ ಪರೀಕ್ಷೆ) ಕೇಳಿ, ಅದಕ್ಕೆ ಜೀವಂತ ಕೋಶ ಬೇಡ, ಡಿಎನ್‌ಎ ಸಾಕು. ಜೊತೆಗೆ ತಾಯಿಯ ರಕ್ತದ ಸ್ಯಾಂಪಲ್ ಕಳಿಸಬೇಕು. ಇಲ್ಲದಿದ್ದರೆ 'ನಾರ್ಮಲ್' ಎಂದು ಬಂದ ವರದಿ ಮಗುವಿನದೋ ತಾಯಿಯ ಕೋಶಗಳದೋ ಹೇಳಲಾಗದು. ಮಗುವಿನ ತೂಕ, ಉದ್ದ, ಮುಖ ಮತ್ತು ಕೈಕಾಲಿನ ಫೋಟೊ, ಒಂದು ಎಕ್ಸ್‌ರೇ ಇರಲಿ. ಮನಸ್ಸು ಒಪ್ಪಿದರೆ ಮಗುವಿನ ಶವಪರೀಕ್ಷೆಯೂ ಬಹಳಷ್ಟು ಹೇಳುತ್ತದೆ. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿತ್ತು ಅಂದ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ. ಬದುಕಿ ಹುಟ್ಟುವ ಮಕ್ಕಳಲ್ಲೂ ಅದು ಸಾಮಾನ್ಯ.

ತಾಯಿಯ ಬ್ಲಡ್ ಗ್ರೂಪ್ ನೆಗೆಟಿವ್ ಆಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ (ಪಾಸಿಟಿವ್ ಗುಂಪಿನ ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ತಿರುಗಿಬೀಳದಂತೆ ತಡೆಯುವುದು) ಆಗಿದೆಯೇ ಎಂದು ಮರೆಯದೆ ಕೇಳಿ. ಅದು ಮುಂದಿನ ಬಸಿರಿನ ಪ್ರಶ್ನೆ.

ರಕ್ತಪರೀಕ್ಷೆಗಳಲ್ಲಿ ಸಕ್ಕರೆಗೆ ಎಚ್‌ಬಿಎ1ಸಿ, ಥೈರಾಯ್ಡ್‌ಗೆ ಟಿಎಸ್‌ಎಚ್, ಸಿಫಿಲಿಸ್‌ಗೆ ವಿಡಿಆರ್‌ಎಲ್ ತಕ್ಷಣ ಮಾಡಿಸಬಹುದು. ಮಗುವಿನಲ್ಲಿ ದೋಷ ಕಾಣದೆ 10 ವಾರದ ನಂತರ ಗರ್ಭ ಹೋಗಿದ್ದರೆ ಆಂಟಿಫಾಸ್ಫೊಲಿಪಿಡ್ (ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳ) ಪರೀಕ್ಷೆ ಬಿಡಬಾರದು: ಲೂಪಸ್ ಆಂಟಿಕೊಆಗ್ಯುಲೆಂಟ್, ಆಂಟಿಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್ ಮೂರೂ. ಪಾಸಿಟಿವ್ ಬಂದರೆ ಕನಿಷ್ಠ 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಸೋಂಕಿನಿಂದಲೂ ತಾತ್ಕಾಲಿಕವಾಗಿ ಪಾಸಿಟಿವ್ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುತ್ತಿದ್ದರೆ ಲೂಪಸ್ ಆಂಟಿಕೊಆಗ್ಯುಲೆಂಟ್ ಪರೀಕ್ಷೆ ದಾರಿ ತಪ್ಪಿಸಬಹುದು. ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಎಸ್ ಬಸಿರಿನಲ್ಲಿ ತಾನಾಗಿಯೇ ಇಳಿಯುತ್ತದೆ, ಆದ್ದರಿಂದ ಆರು ವಾರ ಕಳೆಯುವ ತನಕ ಅದನ್ನು ಅಳೆಯುವುದು ದುಡ್ಡು ದಂಡ.

ಟಾರ್ಚ್ ಪ್ಯಾಕೇಜ್ (ಟಾಕ್ಸೊಪ್ಲಾಸ್ಮಾ, ರುಬೆಲ್ಲಾ ಮುಂತಾದ ಸೋಂಕುಗಳ ಪರೀಕ್ಷೆ) ಕೂಡ ಹಾಗೆಯೇ. ಐಜಿಜಿ ಪ್ರತಿಕಾಯ ಪಾಸಿಟಿವ್ ಅಂದರೆ ಸಾಮಾನ್ಯವಾಗಿ ಎಂದೋ ಬಂದು ಹೋದ ಸೋಂಕು. ಹೊಸ ಸೋಂಕು ಸೂಚಿಸುವ ಐಜಿಎಂ ಒಂದನ್ನೇ ನಂಬಿ ಔಷಧ ಶುರು ಮಾಡುವಂತಿಲ್ಲ. ಮಗುವಿನ ಮೈಯಲ್ಲಿ ನೀರು ತುಂಬಿತ್ತು, ಮಾಸಿನಲ್ಲಿ ಸೋಂಕಿನ ಗುರುತಿತ್ತು ಎಂಬಂಥ ಸುಳಿವಿದ್ದರೆ ಮಾತ್ರ ಆಯಾ ಸೋಂಕಿಗೆ ಪರೀಕ್ಷೆ ಮಾಡಿಸಿ.

ಗರ್ಭಕೋಶದೊಳಗೆ ಅಡ್ಡಗೋಡೆಯಂಥ ಪೊರೆ ಇದೆಯೇ ಎಂದು ಆಮೇಲೆ 3ಡಿ ಸ್ಕ್ಯಾನ್‌ನಲ್ಲಿ ನೋಡಬಹುದು. ಆದರೆ ಬಾಯಿ ಸಡಿಲವೇ ಎಂಬುದನ್ನು ಬಸಿರಿಲ್ಲದಾಗ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಹಿಂದಿನ ಕ್ಲೀನಿಂಗ್, ಗರ್ಭಕೋಶದ ಬಾಯಿಗೆ ಆದ ಶಸ್ತ್ರಚಿಕಿತ್ಸೆ, ಬಾಯಿ ಪೂರ್ತಿ ತೆರೆದ ಮೇಲೆ ಆದ ಸಿಸೇರಿಯನ್ ಇವನ್ನು ಡಾಕ್ಟರಿಗೆ ತಿಳಿಸಿ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಮುಚ್ಚಿಡಬೇಡಿ. ಅದರಿಂದಲೇ ಗರ್ಭ ಹೋಯಿತು ಎಂದಲ್ಲ. ಇಬ್ಬರಲ್ಲೂ ಅಡಗಿರುವ ಒಂದೇ ದೋಷದ ಜೀನ್ ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ಅಲ್ಲಿ ಹೆಚ್ಚು. ಇದನ್ನು ಮೈಕ್ರೊಅರೇ ಹಿಡಿಯದು. ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಎಕ್ಸೋಮ್ ಪರೀಕ್ಷೆ (ಜೀನ್‌ಗಳನ್ನೇ ಓದುವ ಪರೀಕ್ಷೆ) ಬೇಕೇ ಎಂದು ಕೇಳಿ.

ಇಂಟರ್ನೆಟ್‌ನಲ್ಲಿ ಅಧ್ಯಯನಗಳನ್ನು ಓದುವವರು ಎರಡು ಸಂಗತಿ ನೋಡಲಿ. ಮೊದಲ ಮೂರು ತಿಂಗಳ ಗರ್ಭಪಾತಗಳನ್ನೂ ಅದರಲ್ಲಿ ಬೆರೆಸಿದ್ದಾರೆಯೇ? ಬೆರೆಸಿದ್ದರೆ ನಿಮಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. 'ಅಪಾಯ ಎರಡು ಪಟ್ಟು' ಎಂದಿದ್ದರೆ ಯಾವುದರ ಎರಡು ಪಟ್ಟು? ನೂರರಲ್ಲಿ ಒಂದು ಎರಡಾದರೂ ಎರಡು ಪಟ್ಟೇ, 98 ಮಂದಿಗೆ ಏನೂ ಆಗಿರುವುದಿಲ್ಲ.

ಎಲ್ಲ ಮಾಡಿಸಿದರೂ ಕಾರಣ ಸಿಗದ ಪ್ರಕರಣಗಳು ಕಡಿಮೆಯೇನಿಲ್ಲ. ಆಗಲೂ ಮುಂದಿನ ಬಸಿರಿನಲ್ಲಿ 16ರಿಂದ 24 ವಾರದ ತನಕ ಎರಡು ವಾರಕ್ಕೊಮ್ಮೆ ಯೋನಿಯ ಒಳಗಿನಿಂದ ಸ್ಕ್ಯಾನ್ ಮಾಡಿ ಗರ್ಭಕೋಶದ ಬಾಯಿಯ ಉದ್ದ ಅಳೆಯಬೇಕೇ ಎಂದು ಕೇಳಿ. 25 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಆ ಬಾಯಿಗೆ ಹೊಲಿಗೆ ಹಾಕುವ ಮಾತು ಬರುತ್ತದೆ. ಹಿಂದಿನ ಚರಿತ್ರೆಯೇ ಸಾಕಷ್ಟು ಸ್ಪಷ್ಟವಾಗಿದ್ದರೆ 12ರಿಂದ 14 ವಾರದೊಳಗೇ ಹೊಲಿಗೆ ಹಾಕುತ್ತಾರೆ, ಆದ್ದರಿಂದ ಬಸಿರು ಖಚಿತವಾದ ಕೂಡಲೇ ಆ ಫೈಲ್ ಹಿಡಿದು ಹೋಗಿ.