ಕೆಂಪು ದಂಟಿನ ಸೊಪ್ಪಿನಲ್ಲಿ ಹಸಿರು ಹುಡುಕುವುದು ಹೇಗೆ?

ಮಂಡ್ಯದವರಿಗೆ ಬಸ್ಸಾರು ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಂಪು ದಂಟಿನ ಸೊಪ್ಪು ಬೇಯಿಸಿ ಬಸಿದರೆ ಕಟ್ಟು ಬೀಟ್‌ರೂಟ್ ರಸದ ಹಾಗೆ ಕೆಂಪಗಿರುತ್ತದೆ, ಅಲ್ವಾ? ಮುಂದಿನ ಸಲ ಬಸಿದಾಗ ಜರಡಿಯಲ್ಲಿ ಉಳಿದ ಸೊಪ್ಪನ್ನೂ ನೋಡಿ.

ನಮ್ಮ ಮನೆಯಲ್ಲಿ ಇದು ಶುರುವಾಗಿದ್ದು ಅಣ್ಣನ ಮಗಳ ಪ್ರಶ್ನೆಯಿಂದ. ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ಅತ್ತೆ, ಈ ಎಲೇಲಿ ಹಸಿರೇ ಇಲ್ವಲ್ಲ, ಇದು ಹೆಂಗೆ ಆಹಾರ ಮಾಡ್ಕೊಳ್ತದೆ?" ಅಂದಳು. ಒಳ್ಳೆ ಪ್ರಶ್ನೆ. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಒಲೆ ಹಚ್ಚಿದೆವು.

ಒಂದು ಹಿಡಿ ಕೆಂಪು ಎಲೆ ತಗೊಳ್ಳಿ. ಕಾಂಡ ಬೇಡ. ಉಪ್ಪು, ಬೇಳೆ ಏನೂ ಹಾಕದೆ ಐದು ನಿಮಿಷ ಕುದಿಸಿ. ಕೆಂಪೆಲ್ಲ ನೀರಿಗೆ ಇಳಿಯುತ್ತದೆ, ಎಲೆ ಮಂಕು ಹಸಿರಾಗಿ ಉಳಿಯುತ್ತದೆ. ಆ ಕೆಂಪು ಬೀಟಾಸಯಾನಿನ್ ಅನ್ನುವ ಬಣ್ಣ, ಬೀಟ್‌ರೂಟ್‌ನಲ್ಲಿರುವುದೂ ಅದೇ ಜಾತಿಯದು, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಎಲೆಗೆ ಹಸಿರು ಕೊಡುವ, ಆಹಾರ ಮಾಡಲು ಬೆಳಕು ಹೀರಿಕೊಳ್ಳುವ ಪತ್ರಹರಿತ್ತು ನೀರಿನಲ್ಲಿ ಕರಗುವುದಿಲ್ಲ, ಅದಕ್ಕೇ ಎಲೆಯಲ್ಲೇ ಕೂತಿರುತ್ತದೆ. ಅಂದರೆ ಹಸಿರು ಮೊದಲಿಂದಲೂ ಅಲ್ಲೇ ಇತ್ತು, ಕೆಂಪು ಅದನ್ನು ಮುಚ್ಚಿತ್ತು.

ಈಗ ಆ ಹಸಿರನ್ನು ಈಚೆ ತೆಗೆಯೋಣ. ಬೆಂದ ಎಲೆಯನ್ನು ಚೆನ್ನಾಗಿ ಹಿಂಡಿ, ಸಣ್ಣಗೆ ಹೆಚ್ಚಿ, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಎರಡು ಚಮಚ ಹಾಕಿ ಅರೆಯಿರಿ. ಸ್ಪಿರಿಟ್ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ. ಒಲೆ ಆರಿಸಿ, ಕಿಟಕಿ ತೆಗೆದು, ಅಡುಗೆಮನೆಯಿಂದ ಆಚೆ ಕೂತು ಮಾಡಿ. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು. ಈ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಅರ್ಧ ಗಂಟೆಯಲ್ಲಿ ಕಡು ಹಸಿರು ರಸ ಸಿಗುತ್ತದೆ. ಒಂದು ಚಾಕ್‌ಪೀಸ್ ತಗೊಂಡು, ಬುಡದಿಂದ ಒಂದೂವರೆ ಸೆಂಟಿಮೀಟರ್ ಮೇಲೆ ಕಡ್ಡಿಯಿಂದ ಈ ರಸವನ್ನು ಬಳೆಯ ಹಾಗೆ ಸುತ್ತಲೂ ಹಚ್ಚಿ. ಒಣಗಲಿ, ಮತ್ತೆ ಹಚ್ಚಿ, ಹೀಗೆ ಐದಾರು ಸಲ. ಇಲ್ಲಿ ಅವಸರ ಮಾಡಿದರೆ ಏನೂ ಕಾಣುವುದಿಲ್ಲ. ಆಮೇಲೆ ಲೋಟದಲ್ಲಿ ಅರ್ಧ ಸೆಂಟಿಮೀಟರ್‌ನಷ್ಟು ಹೊಸ ಸ್ಪಿರಿಟ್ ಹಾಕಿ ಚಾಕ್ ನಿಲ್ಲಿಸಿ, ಮೇಲೆ ತಟ್ಟೆ ಮುಚ್ಚಿ. ಬಳೆ ಸ್ಪಿರಿಟ್‌ನಲ್ಲಿ ಮುಳುಗಬಾರದು. ಸ್ಪಿರಿಟ್ ಏರಿದಂತೆ ಬಣ್ಣಗಳೂ ಏರುತ್ತವೆ, ಹಳದಿ ಮುಂದೆ, ಹಸಿರು ಹಿಂದೆ. ಹಳದಿ ಅಂದರೆ ಕ್ಯಾರೊಟಿನ್ ಮತ್ತು ಝಾಂತೊಫಿಲ್. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಕೂಡ ಎಲೆಯ ಬಣ್ಣ ಬೇರ್ಪಡಿಸಲು ಸೀಮೆಸುಣ್ಣದ ಪುಡಿಯನ್ನೇ ಬಳಸಿದ್ದ. 1906ರಲ್ಲಿ ಈ ವಿಧಾನಕ್ಕೆ ಕ್ರೊಮಟೋಗ್ರಫಿ ಅಂತ ಹೆಸರಿಟ್ಟವನೂ ಅವನೇ.

ಉಳಿದ ರಸ ಚೆಲ್ಲಬೇಡಿ. ಗಾಜಿನ ಸೀಸೆಗೆ ಹಾಕಿ, ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಬಿಡಿ. ಹಸಿರು ರಸ ರಕ್ತದ ಹಾಗೆ ಕೆಂಪಗೆ ಹೊಳೆಯುತ್ತದೆ! ಹೀರಿಕೊಂಡ ಬೆಳಕನ್ನು ಆಹಾರ ಮಾಡಲು ಬಳಸುವ ವ್ಯವಸ್ಥೆ ಈಗ ಎಲೆಯ ಜೊತೆಗೇ ಒಡೆದುಹೋಗಿದೆ, ಅದಕ್ಕೆ ಒಂದಷ್ಟು ಶಕ್ತಿ ಕೆಂಪು ಬೆಳಕಾಗಿ ಆಚೆ ಬರುತ್ತದೆ. ನನಗೆ ಇದಕ್ಕಿಂತ ಇಷ್ಟವಾದ ಪ್ರಯೋಗ ಇಲ್ಲ.

ಆಹಾರ ಮಾಡುವ ಕೆಲಸವನ್ನು ಕಣ್ಣಾರೆ ನೋಡಲು ತಾಜಾ ಪಾಲಕ್ ಬೇಕು. ಪೇಪರ್ ಪಂಚ್‌ನಿಂದ ಹತ್ತು ಬಿಲ್ಲೆ ಮಾಡಿ. 300 ಮಿಲಿ ನೀರಿಗೆ ದೊಡ್ಡ ಚಿಟಿಕೆ ಅಡುಗೆ ಸೋಡಾ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಎಲೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಸೋಡಾದಿಂದ ಸಿಗುತ್ತದೆ. ಸೂಜಿಯಿಲ್ಲದ ಸಿರಿಂಜ್‌ಗೆ ಬಿಲ್ಲೆ ಮತ್ತು ಈ ನೀರು ಹಾಕಿ, ಗಾಳಿ ಆಚೆ ತಳ್ಳಿ, ತುದಿಗೆ ಬೆರಳೊತ್ತಿ ಹಿಡಿಯನ್ನು ಹಿಂದಕ್ಕೆ ಎಳೆಯಿರಿ. ಎಲೆಯೊಳಗಿನ ಗಾಳಿ ಬಂದು, ಬೆರಳು ತೆಗೆದಾಗ ಆ ಜಾಗಕ್ಕೆ ನೀರು ನುಗ್ಗಿ, ಬಿಲ್ಲೆಗಳು ಮುಳುಗುತ್ತವೆ. ಮುಳುಗದಿದ್ದರೆ ಇನ್ನೆರಡು ಸಲ ಎಳೆಯಿರಿ.

ಅವನ್ನು ಉಳಿದ ಸೋಡಾ ನೀರಿರುವ ಗಾಜಿನ ಲೋಟಕ್ಕೆ ಸುರಿದು ಬಿಸಿಲಿಗಿಡಿ. ಆಮ್ಲಜನಕ ತುಂಬಿಕೊಂಡ ಹಾಗೆ ಬಿಲ್ಲೆಗಳು ಒಂದೊಂದೇ ಮೇಲೇಳುತ್ತವೆ. ಎಲ್ಲ ತೇಲಿದ ಮೇಲೆ ಲೋಟದ ಮೇಲೆ ದೊಡ್ಡ ಪಾತ್ರೆ ಕವುಚಿ. ಕತ್ತಲಲ್ಲೂ ಎಲೆ ಉಸಿರಾಡುತ್ತಲೇ ಇರುತ್ತದೆ, ಕೂಡಿಟ್ಟ ಆಮ್ಲಜನಕ ಖರ್ಚಾಗಿ ಬಿಲ್ಲೆಗಳು ನಿಧಾನವಾಗಿ ಮತ್ತೆ ತಳಕ್ಕಿಳಿಯುತ್ತವೆ. ಇದಕ್ಕೆ ಜಾಸ್ತಿ ಹೊತ್ತು ಬೇಕು. ನಮ್ಮ ಹುಡುಗಿ ಹತ್ತು ನಿಮಿಷಕ್ಕೊಮ್ಮೆ ಪಾತ್ರೆ ಎತ್ತಿ ನೋಡುತ್ತಿದ್ದಳು, ಪ್ರತಿ ಸಲವೂ ಬೆಳಕು ಬೀಳುತ್ತಿತ್ತು. ಮಧ್ಯೆ ಎತ್ತದೆ ಒಂದು ಗಂಟೆ ಹಾಗೇ ಬಿಡಿ.