ಹಂಪಿಗೆ ನಾಲ್ಕು ದಿನ ಇಟ್ಟುಕೊಳ್ಳಿ

ಒಂದೇ ದಿನದಲ್ಲಿ ಹಂಪಿ ಮುಗಿಸಲು ಹೊರಟವರು ಮಧ್ಯಾಹ್ನದ ಹೊತ್ತಿಗೆ ಬಂಡೆಗಳ ಕಾವಿಗೇ ಸುಸ್ತಾಗುತ್ತಾರೆ. ಓಡಾಟವೇನಿದ್ದರೂ ಬೆಳಿಗ್ಗೆ 6ರಿಂದ 10, ಮತ್ತೆ ಸಂಜೆ 4ರ ನಂತರ. ತಲಾ 2 ಲೀಟರ್ ನೀರು ಇರಲಿ.

ವಿಜಯ ವಿಠ್ಠಲ ದೇವಸ್ಥಾನ, ಕಮಲ ಮಹಲ್ ಇರುವ ಆವರಣ, ಕಮಲಾಪುರದ ವಸ್ತುಸಂಗ್ರಹಾಲಯ, ಮೂರಕ್ಕೂ ಒಂದೇ ಟಿಕೆಟ್. ಆದರೆ ಅದು ಆ ದಿನಕ್ಕಷ್ಟೇ. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಹಜಾರ ರಾಮ ದೇಗುಲಕ್ಕೆ ಒಂದು ಬೆಳಿಗ್ಗೆ ಪೂರ್ತಿ ಕೊಡಿ. ಮೊದಲು ಪ್ರಾಕಾರದ ಹೊರಗೋಡೆ: ಆನೆ, ಕುದುರೆ, ಸೈನಿಕರು, ಕುಣಿಯುವ ಹೆಂಗಸರು, ಸಾಲು ಸಾಲಾಗಿ. ಆಮೇಲೆ ಒಳಗೆ, ಗುಡಿಯ ಗೋಡೆಯ ರಾಮಾಯಣ. ಕೆತ್ತನೆ ಮೂರು ಸಾಲಿನಲ್ಲಿದೆ. ಸಾಲಿಗೊಂದು ಪ್ರದಕ್ಷಿಣೆ ಹಾಕಿ. ನಿಂತಲ್ಲೇ ಮೇಲಿಂದ ಕೆಳಗೆ ಓದಿದರೆ ಕಥೆ ಕಲಸಿಹೋಗುತ್ತದೆ. ಓರೆ ಬಿಸಿಲಿಗೆ ಉಬ್ಬುಶಿಲ್ಪ ಎದ್ದು ಕಾಣುತ್ತದೆ, ನಡುಹಗಲಲ್ಲಿ ಎಲ್ಲವೂ ಸಪಾಟು.

ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಜೊತೆಗೊಂದು ಬಿಳಿ ಹಾಳೆ ಒಯ್ಯಿರಿ. ಬೆಳಕು ಒಳಬರುವ ಗೋಡೆಯ ಕಿಂಡಿಯ ಹತ್ತಿರ ಹಿಡಿದರೆ ಬಿಂಬ ಚಿಕ್ಕದು, ಆದರೆ ನಿಚ್ಚಳ. ದೂರ ಸರಿಸಿದಂತೆ ದೊಡ್ಡದಾಗಿ ಮಂಕಾಗುತ್ತದೆ. ಮೋಡವಿದ್ದರೆ ಸರಿಯಾಗಿ ಕಾಣದು. ಮರುದಿನ ಬನ್ನಿ, ಊರಲ್ಲೇ ಉಳಿದಿದ್ದೀರಲ್ಲ!

ಕೊನೆಯ ದಿನ ಹೊಳೆಯಾಚೆಯ ಊರು ಆನೆಗೊಂದಿ. ತುಂಗಭದ್ರೆ ತುಂಬಿ ಹರಿಯುವಾಗ ದೋಣಿ, ಹರಿಗೋಲು ನಿಲ್ಲಿಸುತ್ತಾರೆ. ಆಗ ರಸ್ತೆಯಲ್ಲೇ ಸುತ್ತಿ ಹೋಗಬೇಕು, ಅದಕ್ಕೆ ಒಂದಿಷ್ಟು ಸಮಯ ಹೆಚ್ಚಿಗೆ ಹಿಡಿಯಿರಿ. ಹೊಳೆ ಶಾಂತವಾಗಿ ಕಂಡರೂ ಈಜಿಗೆ ಇಳಿಯಬೇಡಿ. ಬಂಡೆಗಳ ಸಂದಿಯಲ್ಲಿ ಸುಳಿಗಳಿರುತ್ತವೆ.