ಡೆಸ್ಕ್‌ಟಾಪೋ ಕ್ಲೌಡೋ: ಮಲ್ಪೆಯ ಬೋಟ್ ಲೆಕ್ಕಕ್ಕೆ ನಾನು ಡೇಟಾಬೇಸ್ ನಕ್ಷೆ ಬರೆದ ಬಗೆ

ನಾನಿರುವುದು ಉಡುಪಿಯಲ್ಲಿ. ಸಣ್ಣ ವ್ಯಾಪಾರದವರಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ಮಲ್ಪೆಯ ಮೀನುಗಾರಿಕೆ ಬೋಟ್ ಮಾಲೀಕರೊಬ್ಬರಿಗೆ ಟ್ರಿಪ್ ಲೆಕ್ಕದ ಸಾಫ್ಟ್‌ವೇರ್ ಮಾಡಲು ಹೊರಟಾಗ, ಟೇಬಲ್‌ಗಳ ನಕ್ಷೆಯನ್ನು (ಯಾವ ಮಾಹಿತಿ ಯಾವ ಟೇಬಲ್‌ನಲ್ಲಿ, ಅವುಗಳ ನಡುವೆ ಏನು ಸಂಬಂಧ ಎಂಬ ಚಿತ್ರ) ಯಾವ ಟೂಲ್‌ನಲ್ಲಿ ಬರೆಯುವುದು ಅಂತ ಸರಿಯಾಗಿ ಕೂತು ಯೋಚಿಸಿದೆ. ಕಂಪ್ಯೂಟರ್‌ಗೆ ಇನ್‌ಸ್ಟಾಲ್ ಮಾಡುವ ಟೂಲೋ, ಬ್ರೌಸರ್‌ನಲ್ಲಿ ತೆರೆಯುವ ಕ್ಲೌಡ್ ಟೂಲೋ?

ನಮ್ಮ ಕೆಲಸದ ಕಾಲವೇ ಇದಕ್ಕೆ ಅರ್ಧ ಉತ್ತರ ಕೊಟ್ಟಿತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟ್‌ಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಮಾಲೀಕರಿಗೂ ಲೆಕ್ಕ ಬರೆಯುವ ರೈಟರ್‌ಗೂ ಕೂತು ಮಾತಾಡಲು ಪುರುಸೊತ್ತು ಸಿಗುವುದು ಆಗಲೇ. ಆಗಸ್ಟ್‌ನಲ್ಲಿ ಬೋಟ್ ಹೊರಟಿತೋ, ಆಮೇಲೆ ಅವರು ಫೋನ್ ಎತ್ತಿದರೆ ನಮ್ಮ ಪುಣ್ಯ. ಆದರೆ ಜೂನ್, ಜುಲೈ ಅಂದರೆ ನಮ್ಮಲ್ಲಿ ಕರೆಂಟೂ ಇಂಟರ್‌ನೆಟ್ಟೂ ಒಟ್ಟಿಗೇ ಕೈಕೊಡುವ ತಿಂಗಳುಗಳು. ಮರ ಬಿದ್ದು ಕೇಬಲ್ ತುಂಡಾದರೆ ಮಳೆ ನಿಲ್ಲುವ ತನಕ ಯಾರೂ ಕಂಬ ಹತ್ತುವುದಿಲ್ಲ. ಹತ್ತಲೂಬಾರದು. ಹಾಗಾಗಿ ನೆಟ್ ಇಲ್ಲದಿದ್ದರೂ ಕೆಲಸ ನಡೆಯಬೇಕು ಎನ್ನುವುದು ನನ್ನ ಮೊದಲ ಷರತ್ತಾಯಿತು.

ಡೆಸ್ಕ್‌ಟಾಪ್ ಟೂಲ್‌ಗಳಲ್ಲಿ ನಮ್ಮಲ್ಲಿ ಹೆಚ್ಚಿನವರು ಕಾಲೇಜಿನಲ್ಲೇ ಕಂಡಿರುವುದು ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್. ನಕ್ಷೆ ಬರೆದರೆ ಅದರಿಂದ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಹೊರಡಿಸುತ್ತದೆ, ಇರುವ ಡೇಟಾಬೇಸ್‌ನಿಂದ ನಕ್ಷೆಯನ್ನೂ ಎಳೆದುಕೊಳ್ಳುತ್ತದೆ. ಒಳ್ಳೆಯ ಟೂಲ್. ಆದರೆ ಅದು ಇರುವುದು ಮೈಎಸ್‌ಕ್ಯೂಎಲ್‌ಗೆ, ನಾನು ಬಳಸುವುದು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್. ಇನ್ನೊಂದು ತೊಡಕೂ ಇದೆ. ಅದರ ಮಾಡೆಲ್ ಫೈಲ್ ಒಳಗೆ ಜಿಪ್ ಮಾಡಿದ ಗಂಟು. ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ಗೆ ಹಾಕಿದರೆ ಫೈಲ್ ಬದಲಾಗಿದೆ ಎಂದಷ್ಟೇ ಗೊತ್ತಾಗುತ್ತದೆ, ಯಾವ ಕಾಲಂ ಬದಲಾಯಿತು ಅಂತ ಕಾಣುವುದಿಲ್ಲ. ಇಬ್ಬರು ಬೇರೆ ಬೇರೆ ಕಡೆ ತಿದ್ದಿದರೆ ಎರಡನ್ನೂ ಜೋಡಿಸಲು ಆಗುವುದಿಲ್ಲ. ನನ್ನ ಜೊತೆ ಕೋಡ್ ಬರೆಯುವ ಗೆಳೆಯ ಇರುವುದು ಮಂಗಳೂರಿನ ಬಿಜೈಯಲ್ಲಿ. ನಮಗೆ ಇದು ಸಣ್ಣ ವಿಷಯ ಅಲ್ಲ.

ಪೋಸ್ಟ್‌ಗ್ರೆಸ್‌ನವರಿಗೆ ಅದನ್ನು ನಿರ್ವಹಿಸುವ ಪಿಜಿಅಡ್ಮಿನ್ ಟೂಲ್ ಒಳಗೇ ಇಆರ್ ನಕ್ಷೆ, ಅಂದರೆ ಟೇಬಲ್‌ಗಳ ಸಂಬಂಧದ ನಕ್ಷೆ, ಬರೆಯುವ ಸೌಲಭ್ಯ ಇದೆ. ಡಿಬೀವರ್ ಎಂಬ ಡೆಸ್ಕ್‌ಟಾಪ್ ಟೂಲ್‌ನ ಉಚಿತ ಆವೃತ್ತಿಯೂ ಇರುವ ಟೇಬಲ್‌ಗಳ ನಕ್ಷೆಯನ್ನು ಚೆನ್ನಾಗಿ ತೋರಿಸುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲೇ ಪೋಸ್ಟ್‌ಗ್ರೆಸ್ ಓಡುತ್ತದೆ, ಡಿಬೀವರ್ ಅದಕ್ಕೆ ಕನೆಕ್ಟ್ ಆಗುತ್ತದೆ. ಬ್ಯಾಟರಿ ಇರುವವರೆಗೆ ಹೊರಗೆ ಎಂಥ ಮಳೆ ಬಂದರೂ ತೊಂದರೆ ಇಲ್ಲ.

ಆದರೆ ನನ್ನ ತೀರ್ಮಾನಕ್ಕೆ ನಿಜವಾದ ಕಾರಣ ಮಳೆ ಅಲ್ಲ, ಪಾಲಿನ ಲೆಕ್ಕ. ಟೂಲ್ ಎಲ್ಲಿ ಓಡುತ್ತದೆ ಅನ್ನುವುದಕ್ಕಿಂತ ವಿನ್ಯಾಸದ ಮೂಲ ಪ್ರತಿ ಎಲ್ಲಿದೆ ಅನ್ನುವುದು ಮುಖ್ಯ ಎಂದು ನನಗೆ ಮನವರಿಕೆಯಾಗಿದ್ದು ಅಲ್ಲಿ.

ಒಂದು ಟ್ರಿಪ್‌ನಲ್ಲಿ ಬಂದ ಹಣವನ್ನು ಮಾಲೀಕರಿಗೂ ಬೋಟ್ ನಡೆಸುವ ತಾಂಡೇಲನಿಗೂ ಉಳಿದ ಕೆಲಸದವರಿಗೂ ಹಂಚುವ ಕ್ರಮ ಎಲ್ಲ ಬೋಟ್‌ಗಳಲ್ಲೂ ಒಂದೇ ಅಲ್ಲ. ಡೀಸೆಲ್, ಐಸ್, ರೇಷನ್ ಖರ್ಚನ್ನು ಯಾವ ಹಂತದಲ್ಲಿ ಕಳೆಯುವುದು, ಮೊದಲೇ ಕೊಟ್ಟ ಮುಂಗಡವನ್ನು ಯಾವಾಗ ಹಿಡಿದುಕೊಳ್ಳುವುದು ಎಂಬುದು ಮಾತುಕತೆಯಲ್ಲಿ ತೀರ್ಮಾನವಾಗುತ್ತದೆ. ಸೀಸನ್ ನಡುವೆ ಅದು ಬದಲಾದರೆ ಹಳೆ ಟ್ರಿಪ್‌ಗೆ ಹಳೆ ನಿಯಮ, ಹೊಸದಕ್ಕೆ ಹೊಸ ನಿಯಮ ಬೇಕು. ಹಾಗಾಗಿ ಪ್ರತಿ ನಿಯಮಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇಟ್ಟೆ. ಒಂದೇ ಬೋಟ್‌ಗೆ ಎರಡು ನಿಯಮಗಳ ಅವಧಿ ಒಂದರ ಮೇಲೊಂದು ಬರಲೇಬಾರದು. ಬಂದರೆ ಯಾರದೋ ಸಂಬಳ ಹೆಚ್ಚುಕಡಿಮೆ ಆಗುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಎಂಬುದಿದೆ. ಬೋಟ್ ಒಂದೇ ಆಗಿದ್ದು ದಿನಾಂಕಗಳ ವ್ಯಾಪ್ತಿ ಒಂದರ ಮೇಲೊಂದು ಬಂದರೆ ಆ ಸಾಲನ್ನು ಡೇಟಾಬೇಸೇ ಒಳಗೆ ಬಿಡುವುದಿಲ್ಲ. ತುಂಬಾ ಒಳ್ಳೆಯ ಸೌಲಭ್ಯ, ಲೆಕ್ಕದ ಕೆಲಸ ಮಾಡುವವರು ಕಲಿತಿರಲೇಬೇಕು. ಆದರೆ ಹೆಚ್ಚಿನ ಟೂಲ್‌ಗಳ ಬಾಕ್ಸ್ ಮತ್ತು ಗೆರೆಯ ನಕ್ಷೆಯಲ್ಲಿ ಇದನ್ನು ಬರೆಯಲು ಜಾಗವೇ ಇರುವುದಿಲ್ಲ. ಡೇಟಾಬೇಸ್ ಒಳಗೇ ಓಡುವ ಟ್ರಿಗರ್, ಫಂಕ್ಷನ್ ಎಂಬ ಕೋಡ್ ತುಣುಕುಗಳ ಕಥೆಯೂ ಅದೇ. ನಕ್ಷೆಯನ್ನೇ ಮೂಲ ಅಂದುಕೊಂಡು ಅದರಿಂದ ಪ್ರತಿ ಸಲ ಎಸ್‌ಕ್ಯೂಎಲ್ ಹೊರಡಿಸುತ್ತಾ ಹೋದರೆ ಇಂಥ ನಿಯಮಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

ಅದಕ್ಕೇ ನಾನು ಮೂಲವನ್ನು ಸಾದಾ ಎಸ್‌ಕ್ಯೂಎಲ್ ಫೈಲ್‌ಗಳಲ್ಲಿ ಇಟ್ಟೆ. ಒಂದೊಂದು ಬದಲಾವಣೆಗೆ ಒಂದೊಂದು ಫೈಲ್, ಎಲ್ಲವೂ ಗಿಟ್‌ನಲ್ಲಿ. ಕಾಲಂಗಳ ಅರ್ಥವನ್ನೂ ಅಲ್ಲೇ ಕನ್ನಡದಲ್ಲಿ ಬರೆದೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ಗೂ ಕಾಲಂಗೂ ಕಾಮೆಂಟ್ ಅಂಟಿಸಬಹುದು, ಅದು ಡೇಟಾಬೇಸ್ ಒಳಗೇ ಉಳಿಯುತ್ತದೆ. ಮುಂದೆ ಬೇರೆ ಯಾರಾದರೂ ಈ ಕೆಲಸ ವಹಿಸಿಕೊಂಡರೆ ಮುಂಗಡ ಅಂದರೆ ಯಾವ ಮುಂಗಡ ಅಂತ ನನಗೆ ಫೋನ್ ಮಾಡಿ ಕೇಳಬೇಕಾಗಿಲ್ಲ.

ಇಷ್ಟಾದ ಮೇಲೆ ಕ್ಲೌಡ್ ಟೂಲ್ ಯಾಕೆ ಬೇಕು? ತೋರಿಸಲು ಬೇಕು. ನಾನು ಆರಿಸಿದ್ದು ಡಿಬಿಡಯಾಗ್ರಾಂ. ಅದರಲ್ಲಿ ಮೌಸ್‌ನಿಂದ ಬಾಕ್ಸ್ ಎಳೆಯುವ ಬದಲು ಡಿಬಿಎಂಎಲ್ ಎಂಬ ಸರಳ ಭಾಷೆಯಲ್ಲಿ ಟೇಬಲ್ ಬರೆಯುತ್ತೇವೆ, ಪಕ್ಕದಲ್ಲೇ ಚಿತ್ರ ಮೂಡುತ್ತದೆ. ಈ ಭಾಷೆ ಓಪನ್ ಸೋರ್ಸ್. ಎಸ್‌ಕ್ಯೂಎಲ್ ಫೈಲನ್ನು ಡಿಬಿಎಂಎಲ್‌ಗೆ ತಿರುಗಿಸುವ ಕಮಾಂಡ್ ನಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ. ಅಂದರೆ ನೆಟ್ ಇಲ್ಲದಾಗ ಎಲ್ಲ ಸಿದ್ಧ ಮಾಡಿಟ್ಟು, ನೆಟ್ ಬಂದಾಗ ಅಂಟಿಸಿ ಲಿಂಕ್ ಕಳಿಸಿದರೆ ಆಯಿತು. ನಾಳೆ ಆ ಸೇವೆ ಬೇಡ ಅನಿಸಿದರೂ ನನ್ನ ಫೈಲ್ ನನ್ನ ಹತ್ತಿರವೇ ಇರುತ್ತದೆ.

ಲಿಂಕ್‌ನ ಬೆಲೆ ಗೊತ್ತಾಗಿದ್ದು ರೈಟರ್ ಅವರ ಜೊತೆ ಮಾತಾಡುವಾಗ. ಅವರು ಮೊಬೈಲ್‌ನಲ್ಲೇ ನಕ್ಷೆ ತೆರೆದು, ಟ್ರಿಪ್‌ನಿಂದ ಹರಾಜಿಗೆ ಹೋದ ಗೆರೆಯ ಮೇಲೆ ಬೆರಳಿಟ್ಟರು. "ಇದು ಒಂದಕ್ಕೆ ಒಂದು ಅಂತ ಅಲ್ಲ ಅಲ್ವಾ? ಒಂದು ಟ್ರಿಪ್ಪಿನ ಮೀನು ಎರಡು ದಿನ ಹರಾಜು ಆಗುದುಂಟು ಮಾರಾಯ್ರೆ. ಬಂಗುಡೆ ಒಬ್ಬರಿಗೆ, ಬೊಂಡಾಸ್ ಇನ್ನೊಬ್ಬರಿಗೆ." ಗೆರೆ ಆಗಲೇ ಒಂದಕ್ಕೆ ಹಲವು ಅಂತ ಇತ್ತು, ತೋರಿಸಿದೆ. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಮೀನಿನ ಟೇಬಲ್ ನೋಡಿ, ದೊಡ್ಡ ಬಂಗುಡೆಗೂ ಸಣ್ಣದಕ್ಕೂ ರೇಟು ಬೇರೆ ಅಂದರು. ಸೈಜ್‌ಗೆ ಬೇರೆ ಟೇಬಲ್ ಹುಟ್ಟಿದ್ದು ಹಾಗೆ. ಎಸ್‌ಕ್ಯೂಎಲ್ ಫೈಲ್ ತೋರಿಸಿದ್ದರೆ ಈ ಮಾತುಕತೆ ನಡೆಯುತ್ತಿರಲಿಲ್ಲ. ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದರಿಗೆ ಹೋಗಿದ್ದರೆ ನಡೆಯುತ್ತಿತ್ತೇನೋ, ಆದರೆ ಅವರು ಮನೆಯಲ್ಲಿ ರಾತ್ರಿ ಮತ್ತೊಮ್ಮೆ ನೋಡಲು ಆಗುತ್ತಿರಲಿಲ್ಲ.

ಕ್ಲೌಡ್‌ಗೆ ಹಾಕುವಾಗ ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ನಕ್ಷೆ ಹೋಗಬಹುದು, ಡೇಟಾ ಹೋಗಬಾರದು. ಕೆಲಸದವರ ಆಧಾರ್, ಬ್ಯಾಂಕ್ ಖಾತೆ ಇರುವ ಡೇಟಾಬೇಸ್ ಇದು. ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ. ಕಾನೂನು ಇಲ್ಲದಿದ್ದರೂ ಅದು ನಮ್ಮ ಜವಾಬ್ದಾರಿ. ಆದ್ದರಿಂದ ಯಾವ ಆನ್‌ಲೈನ್ ಟೂಲ್‌ಗೂ ಡೇಟಾಬೇಸ್‌ನ ಪಾಸ್‌ವರ್ಡ್ ಕೊಡುವುದಿಲ್ಲ. ಪೋಸ್ಟ್‌ಗ್ರೆಸ್‌ನ ಡಂಪ್ ಕಮಾಂಡ್‌ನಲ್ಲಿ ಸ್ಕೀಮಾ, ಅಂದರೆ ಡೇಟಾ ಬಿಟ್ಟು ಟೇಬಲ್‌ಗಳ ರಚನೆ ಮಾತ್ರ ತೆಗೆಯುವ ಆಯ್ಕೆ ಇದೆ, ಅದನ್ನೇ ಬಳಸುತ್ತೇನೆ. ಆ ಫೈಲನ್ನೂ ಒಮ್ಮೆ ಕಣ್ಣಲ್ಲಿ ಓದುತ್ತೇನೆ. ಕಾಮೆಂಟ್‌ನಲ್ಲಿ, ಡಿಫಾಲ್ಟ್ ಮೌಲ್ಯದಲ್ಲಿ, ಫಂಕ್ಷನ್ ಒಳಗೆ ಯಾರದೋ ಹೆಸರೋ ನಂಬರೋ ಕೂತಿರಬಹುದು.

ಬ್ರೌಸರ್‌ನಲ್ಲಿ ತೆರೆಯುತ್ತದೆ ಅಂದ ಮಾತ್ರಕ್ಕೆ ಫೈಲ್ ಕ್ಲೌಡ್‌ನಲ್ಲಿ ಭದ್ರ ಎಂದೂ ತಿಳಿಯಬೇಡಿ. ಡ್ರಾಡಿಬಿ ಎಂಬ ಓಪನ್ ಸೋರ್ಸ್ ಟೂಲ್‌ಗೆ ಖಾತೆ ಬೇಡ, ದುಡ್ಡೂ ಬೇಡ. ನಕ್ಷೆಯನ್ನು ಅದು ನಿಮ್ಮ ಬ್ರೌಸರ್ ಒಳಗೇ ಉಳಿಸಿಡುತ್ತದೆ. ಗುಟ್ಟಿನ ದೃಷ್ಟಿಯಿಂದ ಒಳ್ಳೆಯದೇ, ಆದರೆ ಬ್ರೌಸರ್‌ನ ಸೈಟ್ ಡೇಟಾ ಅಳಿಸಿದರೆ ನಕ್ಷೆಯೂ ಹೋಯಿತು. ಆಗಾಗ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಹಣದ ಬಗ್ಗೆ ಹೇಳುವುದು ಕಡಿಮೆ. ಒಬ್ಬರೋ ಇಬ್ಬರೋ ಇದ್ದರೆ ಉಚಿತ ಟೂಲ್‌ಗಳಲ್ಲೇ ಕೆಲಸ ಸಾಗುತ್ತದೆ. ನಾಲ್ಕೈದು ಜನ ಒಂದೇ ನಕ್ಷೆಯನ್ನು ಒಟ್ಟಿಗೆ ತಿದ್ದುವ ಕಚೇರಿಯಾದರೆ ಕ್ಲೌಡ್‌ಗೆ ತಿಂಗಳ ಶುಲ್ಕ ಕಟ್ಟುವುದು ನ್ಯಾಯವೇ. ಆದರೆ ಉಚಿತ ಖಾತೆಯಲ್ಲಿ ನಕ್ಷೆ ಯಾರಿಗೆಲ್ಲ ಕಾಣುತ್ತದೆ ಅಂತ ಮೊದಲೇ ಓದಿಕೊಳ್ಳಿ.

ಯಾವುದೇ ಹೊಸ ಟೂಲ್ ಸಿಕ್ಕರೂ ನಾನು ಮಾಡುವ ಪರೀಕ್ಷೆ ಒಂದೇ. ಒಂದು ಪುಟ್ಟ ಎಸ್‌ಕ್ಯೂಎಲ್ ಫೈಲ್ ಇಟ್ಟುಕೊಂಡಿದ್ದೇನೆ. ಎರಡು ಕಾಲಂ ಸೇರಿದ ಪ್ರೈಮರಿ ಕೀ (ಪ್ರತಿ ಸಾಲಿನ ಗುರುತು), ಒಂದು ಚೆಕ್ ಕನ್‌ಸ್ಟ್ರೇಂಟ್ (ತಪ್ಪು ಮೌಲ್ಯ ತಡೆಯುವ ನಿಯಮ), ಪಾಲಿನ ಅವಧಿಯ ಆ ಎಕ್ಸ್‌ಕ್ಲೂಷನ್ ನಿಯಮ, ಮತ್ತು ಒತ್ತಕ್ಷರ ತುಂಬಿದ ಒಂದು ಕನ್ನಡ ಕಾಮೆಂಟ್, ಇಷ್ಟು ಅದರಲ್ಲಿವೆ. ಅದನ್ನು ಇಂಪೋರ್ಟ್ ಮಾಡುತ್ತೇನೆ, ಏನೂ ಮುಟ್ಟದೆ ಎಕ್ಸ್‌ಪೋರ್ಟ್ ಮಾಡುತ್ತೇನೆ, ಎರಡು ಫೈಲ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಏನಾದರೂ ಬಿಟ್ಟುಹೋಗಿದ್ದರೆ ಆ ಟೂಲನ್ನು ನಕ್ಷೆ ತೋರಿಸಲು ಮಾತ್ರ ಬಳಸುತ್ತೇನೆ. ಎಕ್ಸ್‌ಪೋರ್ಟ್ ಬಟನ್ನೇ ಇಲ್ಲದಿದ್ದರೆ ಖಾತೆ ತೆರೆಯುವುದೇ ಇಲ್ಲ.